ಹಾಸಿಗೆಯ ನಾಲ್ಕು ಮೂಲೆ

ಆ ಬೀದಿಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಹತ್ತಿಯಜ್ಜ ಹೊಲಿದ ಹಾಸಿಗೆಯ ಮೇಲೆ ಬೆನ್ನು ಚಾಚಿದವರೇ. ಬೀದಿಯ ತಿರುವಿನಲ್ಲಿ ಅವನ ಉದ್ದನೆಯ ಅಂಗಡಿಯಿತ್ತು. ಒಳಗೆ ಗಡಗಡ ಅನ್ನುವ ಹತ್ತಿ ಹಿಂಜುವ ಯಂತ್ರ. ಅಜ್ಜನ ಹುಬ್ಬಿನ ಮೇಲೆ, ಮೀಸೆಯ ಮೇಲೆ, ಕಿವಿಯ ಕೂದಲ ಮೇಲೆಲ್ಲ ಹತ್ತಿಯ ಎಳೆ. ನರೆಯುವ ಮೊದಲೇ ನರೆತವನಂತೆ ಕಾಣುತ್ತಿದ್ದುದರಿಂದ ಜನ ಅವನನ್ನು ಹರೆಯದಲ್ಲೇ ಅಜ್ಜ ಮಾಡಿಬಿಟ್ಟಿದ್ದರು. ನಿಜವಾಗಿ ಮುದುಕನಾಗುವ ಹೊತ್ತಿಗೆ ಹೊಸದಾಗಿ ಆಗಬೇಕಾದದ್ದೇನೂ ಉಳಿದಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಲೋಕವೆಲ್ಲ ಬುದ್ಧಿ ಹೇಳುತ್ತಿದ್ದರೆ ಅಜ್ಜ ಮಾತ್ರ, "ಕಾಲು ಎಷ್ಟುದ್ದ ಇದೆ ತೋರಿಸಿ, ಅಷ್ಟುದ್ದ ಹೊಲೀತೀನಿ" ಅನ್ನುತ್ತಿದ್ದ.

ಅವನ ಹಾಸಿಗೆಯ ಗುರುತು ಅದರ ಮೂಲೆ. ಬೇರೆಯವರು ಮಾಡಿದ ಹಾಸಿಗೆ ವರ್ಷ ಕಳೆಯುವಷ್ಟರಲ್ಲಿ ಮೂಲೆಯಲ್ಲಿ ಜೋತುಬಿದ್ದು ನಾಯಿಯ ಕಿವಿಯಂತಾಗುತ್ತಿತ್ತು. ಅಜ್ಜನದು ಹಾಗಲ್ಲ. ಹತ್ತಿಯನ್ನು ಅಂಗೈಯಲ್ಲಿ ಬಿಗಿಯಾಗಿ ಉಜ್ಜಿ ನಿಂಬೆಹಣ್ಣಿನಷ್ಟು ದಪ್ಪದ ಗಟ್ಟಿ ಉಂಡೆ ಮಾಡಿ, ಅದಕ್ಕೆ ದಾರ ಸುತ್ತಿ, ಖಾಲಿ ಗವಸಿನ ನಾಲ್ಕೂ ಮೂಲೆಯ ಒಳತುದಿಗೆ ಒಂದೊಂದನ್ನು ಹೊಲಿದು ಕೂರಿಸುತ್ತಿದ್ದ. ಆಮೇಲೆ ಮಿಕ್ಕ ಹತ್ತಿ ತುಂಬುವುದು. ಹೊರಗಿನಿಂದ ಉಂಡೆ ಕಾಣುವುದಿಲ್ಲ, ಮಲಗಿದವರಿಗೂ ತಾಗುವುದಿಲ್ಲ. ಆದರೆ ಹಾಸಿಗೆ ಸವೆದು ಸಣ್ಣಗಾದರೂ ಮೂಲೆ ಮಾತ್ರ ಸೆಟೆದು ನಿಂತಿರುತ್ತಿತ್ತು. "ಮೂಲೆ ನೆಟ್ಟಗಿದ್ರೆ ಮನೆ ನೆಟ್ಟಗಿದ್ದಂಗೆ" ಎಂದು ಅವನು ಹೇಳಿಕೊಳ್ಳುತ್ತಿದ್ದ. ಕಸುಬಿನವರಿಗೆ ಇಂಥ ಒಂದು ಜಂಬ ಇರಲೇಬೇಕು, ಇಲ್ಲದಿದ್ದರೆ ಬೆನ್ನುನೋವು ಸಹಿಸುವುದು ಹೇಗೆ.

ಅಂಗಡಿಗೆ ಬರುತ್ತಿದ್ದ ಹಳೆಯ ಹಾಸಿಗೆಗಳಲ್ಲಿ ಕೆಲವು, ಕಲೆ ಒಳಗಾಗುವಂತೆ ಸುರುಳಿ ಸುತ್ತಿಕೊಂಡೇ ಬರುತ್ತಿದ್ದವು. ತಂದವರು ನೆಲ ನೋಡುತ್ತಿದ್ದರು. ಅವರ ಹಿಂದೆ ಒಂದು ಮಗು ಅಡಗಿ ನಿಂತಿರುತ್ತಿತ್ತು. ಹಾಸಿಗೆ ಒದ್ದೆ ಮಾಡಿದವರು ಯಾರೆಂದು ಅಜ್ಜನಿಗೆ ಬಿಚ್ಚಿ ನೋಡದೆಯೇ ಗೊತ್ತಾಗುತ್ತಿತ್ತು. ಅವನು ಮಗುವಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತಂದವರು ಬಾಯಿ ತೆರೆಯುವ ಮೊದಲೇ ತಾನೇ ಕೇಳುತ್ತಿದ್ದ:

"ಲೋಟ ಉರುಳ್ತಾ?"

"ಹೂಂ, ಉರುಳ್ತು," ಅನ್ನುತ್ತಿದ್ದರು ಅವರು, ಹೋದ ಜೀವ ಬಂದವರಂತೆ.

"ಉರುಳದೇ ಇನ್ನೇನು? ಲೋಟಕ್ಕೆ ಕಾಲಿದೆಯಾ, ನೆಟ್ಟಗೆ ನಿಲ್ಲೋಕೆ? ಸಂಜೆ ಬಂದು ತಗೊಂಡು ಹೋಗಿ."

ಅಷ್ಟೇ. ಮಗು ಮೆಲ್ಲಗೆ ಹಿಂದಿನಿಂದ ಹೊರಬರುತ್ತಿತ್ತು. ಅಜ್ಜನ ಹೆಂಡತಿ ಬದುಕಿದ್ದಾಗ ಇದನ್ನು ಹಿಡಿದು ಛೇಡಿಸುತ್ತಿದ್ದಳು: "ಇಷ್ಟೊಂದು ಲೋಟ ಉರುಳಿದ್ರೆ ಊರಲ್ಲಿ ಕುಡಿಯೋಕೆ ನೀರೇ ಮಿಗಬಾರದಿತ್ತಲ್ಲ!"

ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ಹೆಂಡತಿಯೂ ಹೋದಳು. ಅಜ್ಜ ಈಗ ಮಗ ಸೊಸೆಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಾನೆ. ಮತ್ತು, ಯಾರಿಗೂ ಹೇಳದ ಮಾತೊಂದಿದೆ. ಇತ್ತೀಚೆಗೆ ಅಜ್ಜನ ಲೋಟವೇ ಉರುಳತೊಡಗಿತ್ತು.

ಮೊದಲ ಸಲ ಆದಾಗ ಬೆವರು ಎಂದುಕೊಂಡ. ಎರಡನೆಯ ಸಲ ಹಾಗೆಂದುಕೊಳ್ಳಲು ಆಗಲಿಲ್ಲ. ಮೈಯೆಲ್ಲ ನಾಚಿಕೆಯಿಂದ ಸುಟ್ಟಂತಾಯಿತು. ಎರಡು ಸಲವೂ ಎಲ್ಲರಿಗಿಂತ ಮುಂಚೆ ಎದ್ದು, ಬಚ್ಚಲಲ್ಲಿ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು, ಮೇಲುಹಾಸು ತೊಳೆದು ಹಿಂಡಿ ಹಾಕಿದ. ಸೊಸೆ, "ನಾನು ಒಗೀತಿರಲಿಲ್ವಾ ಮಾವ?" ಎಂದು ಕೇಳಿದ್ದಕ್ಕೆ, "ಕೈಗೆ ಕೆಲಸ ಬೇಡ್ವಾ?" ಅಂದುಬಿಟ್ಟ. ಆದರೆ ಇವತ್ತು, ಮೂರನೆಯ ಸಲ, ನೀರು ಮೇಲುಹಾಸು ದಾಟಿ ಹಾಸಿಗೆಗೇ ಇಳಿದಿತ್ತು.

ಸೊಸೆಗೆ ಗೊತ್ತಾದರೆ ಏನಾಗುತ್ತದೆ ಎಂಬುದನ್ನು ಅಜ್ಜ ಊಹಿಸಿಕೊಳ್ಳಬೇಕಾಗಿರಲಿಲ್ಲ. ಅವನು ನೋಡಿದ್ದ. ಅಣ್ಣನಿಗೆ ಹೀಗೇ ಆಗಿತ್ತು. ಮನೆಯವರಿಗೆ ಗೊತ್ತಾದ ಮೇಲೆ ಯಾರೂ ಒಂದು ಮಾತು ಬೈಯಲಿಲ್ಲ. ಮಂಚವನ್ನು ಮಾತ್ರ ಹಿಂದಿನ ಕೋಣೆಗೆ, ಮುರಿದ ಸೈಕಲ್ಲು ಮತ್ತು ಹಳೆ ಪೇಪರುಗಳ ಪಕ್ಕಕ್ಕೆ ಸಾಗಿಸಿದರು. ಹಾಸಿಗೆಗೆ ರಬ್ಬರ್ ಹಾಳೆ ಬಂತು. ಬಾಗಿಲಿನ ಹೊಸ್ತಿಲ ಆಚೆಯೇ ನಿಂತು ಮಾತಾಡಿಸುವ ಅಭ್ಯಾಸ ಎಲ್ಲರಿಗೂ ತಾನಾಗಿ ಬಂತು. ಅಣ್ಣ ಆಮೇಲೆಯೂ ಬಹಳ ಕಾಲ ಬದುಕಿದ್ದ, ಆದರೆ ಅವನ ಹಾಸಿಗೆಯ ಮೇಲೆ ಯಾರೂ ಕೂರಲಿಲ್ಲ.

ಅಜ್ಜನ ಮಂಚ ಇರುವುದು ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ. ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಸಂಜೆ ಬಂದವಳೇ ಬ್ಯಾಗನ್ನು ಮೊಳೆಗೆ ಸಿಕ್ಕಿಸಿ, ಅಜ್ಜನ ಹಾಸಿಗೆಯ ಅಂಚಿನಲ್ಲಿ ಕೂತು, ಕಾಲು ನೀವಿಕೊಳ್ಳುತ್ತ ಅಂದಿನ ಗಿರಾಕಿಗಳ ಕಥೆ ಹೇಳುತ್ತಾಳೆ. ಕೆಮ್ಮಿನ ಔಷಧಿ ರುಚಿಯಾಗಿಲ್ಲ ಎಂದು ಜಗಳಕ್ಕೆ ಬಂದವರು, ಬೆರಳ ಗಾಯಕ್ಕೆ ಇಡೀ ಕೈಗಾಗುವಷ್ಟು ಬ್ಯಾಂಡೇಜು ಕೇಳಿದವರು. ಅಜ್ಜ ನಗುತ್ತಾನೆ. ಹಗಲೆಲ್ಲ ಅವನು ಕಾಯುವುದು ಅದೊಂದಕ್ಕೇ. ಗೊತ್ತಾದ ಮೇಲೆ ಅವಳು ಅಲ್ಲಿ ಕೂರುತ್ತಾಳೆಯೇ? ಅವಳು ಒಳ್ಳೆಯವಳು, ಎರಡು ಬೀದಿ ಆಚೆಯ ಗಡಿಯಾರ ರಿಪೇರಿಯವರ ಮಗಳು, ಏನೂ ಅನ್ನುವವಳಲ್ಲ. ಕುರ್ಚಿ ಎಳೆದುಕೊಂಡು ಕೂರುತ್ತಾಳೆ, ಅಷ್ಟೇ.

ಮಗ ಸರಕಿನ ವ್ಯಾನು ತೆಗೆದುಕೊಂಡು ಹೊರಗೂರಿಗೆ ಹೋಗಿದ್ದ. ಸೊಸೆ ಕೆಲಸಕ್ಕೆ ಹೊರಡುವವರೆಗೆ ಅಜ್ಜ ಒದ್ದೆ ಹಾಸಿಗೆಯ ಮೇಲೆ ಕಂಬಳಿ ಹೊದಿಸಿ, ಅದರ ಮೇಲೆ ಕಾವಲುಗಾರನಂತೆ ಕೂತೇ ಇದ್ದ. ಅವಳು ಗೇಟು ದಾಟಿದ್ದೇ ತಡ, ಕೆಲಸಕ್ಕೆ ಇಳಿದ. ಇಡೀ ಹಾಸಿಗೆಯನ್ನು ನೀರಿಗೆ ಹಾಕಬಾರದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಬ್ಬಳದಿಂದ ಒಂದು ಬದಿಯ ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಈಚೆ ಎಳೆದು ಎರಡು ಗೋಣಿಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ. ಉಳಿದದ್ದು ಬರೀ ಗವಸು. ಆ ದಪ್ಪ ಬಟ್ಟೆ ಒದ್ದೆಯಾದರೆ ಎತ್ತಿ ಹಿಂಡುವ ಶಕ್ತಿ ಅವನ ತೋಳಿಗೆ ಉಳಿದಿರಲಿಲ್ಲ. ಅಡುಗೆಮನೆಯ ಪಕ್ಕದ ಸಂದಿಯಲ್ಲಿ ಸೊಸೆಯ ವಾಷಿಂಗ್ ಮಷಿನ್ ಇತ್ತು. ಅವಳು ಒತ್ತುವ ಗುಂಡಿಗಳನ್ನು ನೋಡಿ ಕಲಿತಿದ್ದ. ಗವಸನ್ನು ತುರುಕಿದ, ಬಾಗಿಲು ಮುಚ್ಚಿದ, ಗುಂಡಿ ಒತ್ತಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಂಜೆಯೊಳಗೆ ಗವಸು ಒಣಗಿ, ಹತ್ತಿ ತುಂಬಿ, ಹೊಲಿದು ಮಂಚಕ್ಕೆ ಹಾಸಿಬಿಟ್ಟರೆ ಮುಗಿಯಿತು.

ಮಷಿನ್ ಮೊದಲು ಚೆನ್ನಾಗಿಯೇ ತಿರುಗಿತು. ಅಜ್ಜ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಗಾಜಿನೊಳಗೆ ನೋಡುತ್ತ ಕೂತ. ಆಮೇಲೆ ಅದು ನಿಂತು, ಗುಂಯ್ ಎಂದು ಒಂದೇ ಸಮನೆ ನರಳಿ, ಸುಮ್ಮನಾಯಿತು. ಕೆಂಪು ದೀಪ ಮಿಟುಕತೊಡಗಿತು. ಗಾಜಿನ ಅರ್ಧದವರೆಗೆ ಬೂದು ನೀರು. ಬಾಗಿಲು ಎಳೆದ, ಬರಲಿಲ್ಲ. ಗುಂಡಿ ಒತ್ತಿದ, ಮತ್ತೆ ಗುಂಯ್ ಎಂದಿತು. ಇನ್ನೊಮ್ಮೆ ಒತ್ತಿದ. ನೀರು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಬಚ್ಚಿಡಬೇಕಾದ್ದೇ ಗಾಜಿನ ಬಾಗಿಲ ಹಿಂದೆ, ಅಂಗಡಿಯ ಕಪಾಟಿನಲ್ಲಿ ಪ್ರದರ್ಶನಕ್ಕಿಟ್ಟಂತೆ, ಎಲ್ಲರಿಗೂ ಕಾಣುವಂತೆ ನಿಂತುಬಿಟ್ಟಿತ್ತು. ಬಚ್ಚಲಲ್ಲಾದರೆ ಬಕೆಟ್ ಮುಚ್ಚಬಹುದಿತ್ತು.

ಮಷಿನ್ನಿನ ಪಕ್ಕಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಮೆಕ್ಯಾನಿಕ್ಕಿನ ಫೋನ್ ನಂಬರ್ ಇತ್ತು. ಅಜ್ಜ ಒಂದೊಂದೇ ಅಂಕಿ ನೋಡಿ ಒತ್ತಿದ.

"ನೀರು ಹೊರಗೆ ಹೋಗ್ತಾ ಇಲ್ಲ, ಬೇಗ ಬರಬೇಕು."

"ಇವತ್ತು ಆಗಲ್ಲ ಅಜ್ಜ. ನಾಳೆ ಬರ್ತೀನಿ."

"ನಾಳೆ ಅಂದ್ರೆ ಮುಗೀತು."

"ಯಾಕೆ, ಊರಿಗೆ ಹೊರಟ್ರಾ?"

"ಇಲ್ಲಪ್ಪ, ಇಲ್ಲೇ ಇರ್ತೀನಿ. ಅದೇ ಕಷ್ಟ."

ಮೆಕ್ಯಾನಿಕ್ಕಿಗೆ ಏನೂ ಅರ್ಥವಾಗಲಿಲ್ಲ. ಆದರೆ ದನಿಯಲ್ಲಿನ ಗಾಬರಿ ಅರ್ಥವಾಯಿತು. "ಸರಿ, ಹೇಳ್ತೀನಿ ಕೇಳಿ. ಮೊದಲು ಪ್ಲಗ್ ಕಿತ್ತುಬಿಡಿ. ಕೆಳಗೆ ಬಲಗಡೆ ಮೂಲೇಲಿ ಪುಟ್ಟ ಮುಚ್ಚಳ ಇದೆ. ತೆಗೆದ್ರೆ ಒಂದು ಸಣ್ಣ ಪೈಪು, ಪಕ್ಕದಲ್ಲಿ ತಿರುಗಿಸೋ ಬಿರಡೆ. ಪೈಪಿಂದ ನೀರು ಪೂರ್ತಿ ಬಿಡ್ಕೊಳ್ಳಿ. ಬಿರಡೆ ಮಾತ್ರ ಈಗಲೇ ಬಿಚ್ಚಬೇಡಿ. ನೀರು ಖಾಲಿಯಾದ ಮೇಲೆ ಬಿಚ್ಚಿ, ಸಿಕ್ಕಿಕೊಂಡಿರೋದನ್ನ ತೆಗೀರಿ. ಅದ್ಸರಿ, ಒಳಗೆ ಏನು ಹಾಕಿದ್ರಿ?"

"ಬಟ್ಟೆ."

"ಎಂಥಾ ಬಟ್ಟೆ?"

"ಬಟ್ಟೆಯಂಥಾ ಬಟ್ಟೆ," ಎಂದು ಅಜ್ಜ ಫೋನ್ ಇಟ್ಟುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೆಕ್ಯಾನಿಕ್ ದಿನವೂ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಅಜ್ಜನಿಗೆ ಮಾತ್ರ ಅದು ಪೊಲೀಸರ ಪ್ರಶ್ನೆಯಂತೆ ಕೇಳಿಸಿತು.

ಪ್ಲಗ್ ಕಿತ್ತ. ಮೊಣಕಾಲು ಲಟಲಟ ಎನ್ನಿಸುತ್ತ ನೆಲಕ್ಕೆ ಕೂತ. ಮುಚ್ಚಳ ಸಿಕ್ಕಿತು. ಸಣ್ಣ ಪೈಪಿನ ತುದಿಯ ಬೂಚು ಕಿತ್ತು ಹಳೆಯ ಪಾತ್ರೆಯೊಂದನ್ನು ಇಟ್ಟ. ನೀರು ಮಗು ಉಚ್ಚೆ ಹೊಯ್ದಷ್ಟು ಸಣ್ಣಗೆ ಬಂತು. ಆ ಹೋಲಿಕೆ ತಲೆಗೆ ಬಂದದ್ದಕ್ಕೆ ಅಜ್ಜನಿಗೆ ತನ್ನ ಮೇಲೇ ಸಿಟ್ಟು ಬಂತು. ಪಾತ್ರೆ ತುಂಬಿಸಿದ, ಚೆಲ್ಲಿದ, ಮತ್ತೆ ಇಟ್ಟ. ಗಾಜಿನೊಳಗಿನ ನೀರು ಇದ್ದಲ್ಲೇ ಇದ್ದಂತೆ ಕಾಣುತ್ತಿತ್ತು. ಕಿಟಕಿಯ ಬಿಸಿಲು ಆಗಲೇ ಗೋಡೆಯ ಮೇಲಿಂದ ಸರಿಯುತ್ತಿತ್ತು. ಹೀಗೆ ಬಿಟ್ಟರೆ ಸೊಸೆ ಬಂದು, ಊಟ ಮಾಡಿ, ಮಲಗಿದರೂ ಮುಗಿಯುವುದಿಲ್ಲ ಅನ್ನಿಸಿತು. ಮೆಕ್ಯಾನಿಕ್ ಬೇಡ ಅಂದದ್ದು ಕಿವಿಯಲ್ಲೇ ಇತ್ತು. ಆದರೂ ಬಿರಡೆಗೆ ಕೈ ಹಾಕಿ ಒಂದು ಸುತ್ತು ತಿರುಗಿಸಿದ.

ನೀರು ರಪ್ಪನೆ ಮುಖಕ್ಕೆ ಹೊಡೆಯಿತು. ಪಾತ್ರೆ ತೇಲಿಕೊಂಡು ಹೊರಟಿತು. ಅಜ್ಜ ಬಿರಡೆಯನ್ನು ಮತ್ತೆ ತಿರುಗಿಸಲು ಒದ್ದಾಡಿದ, ಸಾಬೂನಿಗೆ ಕೈ ಜಾರಿತು. ಬಿರಡೆ ಕೂರುವಷ್ಟರಲ್ಲಿ ಸಂದಿಯ ನೆಲ ಕೆರೆಯಾಗಿ, ಅಡುಗೆಮನೆ ದಾಟಿ, ಮುಂದಿನ ಕೋಣೆಯ ಹೊಸ್ತಿಲು ಮುಟ್ಟಿತ್ತು. ಅಷ್ಟರಲ್ಲೇ ಮುಂಬಾಗಿಲಿನಲ್ಲಿ ಕೆಮ್ಮು ಕೇಳಿಸಿತು.

ಆ ಕೆಮ್ಮು ಪಕ್ಕದ ಮನೆಯ ಗೆಜೆಟ್ಟಿನದು. ನಿವೃತ್ತ ಗುಮಾಸ್ತ. ಅವನಿಗೆ ತಿಳಿದದ್ದೆಲ್ಲ ಸಂಜೆಯೊಳಗೆ ಬೀದಿಗೇ ಪ್ರಕಟವಾಗುತ್ತಿದ್ದುದರಿಂದ ಅಜ್ಜನೇ ಇಟ್ಟ ಹೆಸರು. ದಿನಾ ಈ ಹೊತ್ತಿಗೆ ಅಜ್ಜನ ಮನೆಯ ಪೇಪರ್ ಓದಲು ಬರುತ್ತಿದ್ದ. ಕೆಟ್ಟವನಲ್ಲ, ಬಾಯಿಗೆ ಬಾಗಿಲಿಲ್ಲ, ಅಷ್ಟೇ.

"ಏನ್ರೀ ಯಜಮಾನ್ರೇ, ಒಳಗೆ ಈಜು ಕಲೀತಿದೀರಾ?" ಎನ್ನುತ್ತ ಗೆಜೆಟ್ ಪಂಚೆ ಎತ್ತಿಕೊಂಡು ಬಂದೇಬಿಟ್ಟ. ಅವನ ಕಣ್ಣು ನೀರಿನ ಮೇಲಿಂದ ಮಂಚಕ್ಕೆ ಹೋಯಿತು. "ಅರೆ, ಹಾಸಿಗೆ ಎಲ್ಲಿ?"

ಅಜ್ಜ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. "ಬಿಚ್ಚಿದೆ. ಹತ್ತಿ ಗಂಟುಗಟ್ಟಿತ್ತು, ಹಿಂಜೋಣ ಅಂತ."

"ಈ ವಯಸ್ಸಲ್ಲೂ ಕಸುಬು ಬಿಡಲ್ಲ ಅಂತೀರಲ್ಲ, ಭೇಷ್! ಎಲ್ಲಿ, ನೋಡೋಣ ಹತ್ತಿ." ಗೆಜೆಟ್ ಮಂಚದ ಕೆಳಗೆ ಬಗ್ಗಲು ಹೊರಟ.

"ಬಗ್ಗಬೇಡಿ! ನಿಮ್ಮ ಸೊಂಟ!" ಎಂದು ಅಜ್ಜ ಕೂಗಿದ ರೀತಿಗೆ ಗೆಜೆಟ್ ಬೆಚ್ಚಿ ನೆಟ್ಟಗಾದ. ತನ್ನ ಸೊಂಟದ ಬಗ್ಗೆ ಇಷ್ಟು ಕಾಳಜಿ ತನ್ನ ಮನೆಯಲ್ಲೂ ಯಾರೂ ತೋರಿಸಿರಲಿಲ್ಲವೇನೋ, ಅವನಿಗೆ ಸಂತೋಷವೂ ಆಯಿತು. ಮೂಗು ಎರಡು ಸಲ ಮೇಲೆ ಕೆಳಗೆ ಆಡಿಸಿ, "ಏನೋ ವಾಸನೆ..." ಅಂದ.

"ಸೋಪಿನ ಪುಡಿ. ಹೊಸದು. ಪೇಪರ್ ತಗೊಳ್ಳಿ, ಮನೆಗೇ ಹೋಗಿ ಓದಿ, ಇಲ್ಲಿ ಜಾರಿ ಬಿದ್ದೀರಿ." ಅಜ್ಜ ಪೇಪರನ್ನು ಅವನ ಕಂಕುಳಿಗೆ ತುರುಕಿ, ಭುಜ ಹಿಡಿದು ತಿರುಗಿಸಿ, ಹೊಸ್ತಿಲು ದಾಟಿಸಿದ. ಬಾಗಿಲು ಹಾಕಿದ ಮೇಲೆ ಅದಕ್ಕೇ ಒರಗಿ ನಿಂತ. ಗೆಜೆಟ್ಟಿನ ಮೂಗಿಗೆ ಬಡಿದದ್ದು ಸೋಪೋ, ಇನ್ನೊಂದೋ? ತನಗೆ ಗೊತ್ತಾಗುತ್ತಿಲ್ಲವಲ್ಲ. ಇಷ್ಟು ದಿನವೂ ಮನೆಯಲ್ಲಿ ವಾಸನೆ ಬರುತ್ತಿತ್ತೇನೋ, ಸೊಸೆ ಬಾಯಿ ಬಿಡದೆ ಅದರ ಪಕ್ಕದಲ್ಲೇ ಕೂರುತ್ತಿದ್ದಳೇನೋ! ಅಜ್ಜನಿಗೆ ಅಳು ಬಂದಂತಾಯಿತು.

ಅಳುತ್ತ ಕೂರಲು ಹೊತ್ತಿರಲಿಲ್ಲ. ಒಂದು ಕಡೆ ನೀರು ಗುಡಿಸಿ, ಇನ್ನೊಂದು ಕಡೆ ಪಾತ್ರೆ ಹಿಡಿದು, ಮಿಕ್ಕ ನೀರನ್ನು ಪೈಪಿನಿಂದಲೇ ಬಿಟ್ಟ. ಕೊನೆಗೆ ಬಿರಡೆಯನ್ನು ಪೂರ್ತಿ ಬಿಚ್ಚಿ ಎಳೆದ. ಅದರ ಜಾಲರಿಗೆ ಅಂಟಿಕೊಂಡು ಒದ್ದೆ ಹತ್ತಿಯ ಮುದ್ದೆಯೊಂದು ಹೊರಬಂತು. ಅಜ್ಜ ಅದನ್ನು ಕೈಯಲ್ಲಿ ಬಿಡಿಸಿದ. ನಡುವೆ ದಾರ ಇತ್ತು. ದಾರಕ್ಕೆ ಗಂಟಿತ್ತು. ಎರಡು ಸುತ್ತು ಸುತ್ತಿ ಅಡಿಯಿಂದ ತೆಗೆದ ಆ ಗಂಟು ಊರಲ್ಲಿ ಬೇರೆ ಯಾರೂ ಹಾಕುವುದಿಲ್ಲ.

ಮೂಲೆಯ ಉಂಡೆ! ಹತ್ತಿಯನ್ನೆಲ್ಲ ತೆಗೆದವನು ಮೂಲೆಯ ಉಂಡೆಗಳನ್ನು ಮರೆತಿದ್ದ. ಮಷಿನ್ನಿನ ತಿರುಗಾಟಕ್ಕೆ ಹಳೆಯ ಹೊಲಿಗೆ ಹರಿದು ಅವು ಕಳಚಿಕೊಂಡಿದ್ದವು. ಅವನ ಪಾಲಿಗೆ ಅವು ಹತ್ತಿಯೇ ಅಲ್ಲ, ಹಾಸಿಗೆಯ ಎಲುಬು. ಎಲುಬನ್ನು ಯಾರಾದರೂ ತೆಗೆಯುತ್ತಾರೆಯೇ? ಬೇರೆ ಯಾವ ಹಾಸಿಗೆಯವನ ಗವಸಾಗಿದ್ದರೂ ಈ ಹೊತ್ತಿಗೆ ಒಗೆದು ಒಣಗಿರುತ್ತಿತ್ತು. ಊರಿಗೆಲ್ಲ ಹೊಗಳಿಕೊಂಡು ತಿರುಗಿದ ಮೂಲೆಯೇ ಇವತ್ತು ಕಾಲು ಹಿಡಿದು ಎಳೆದಿತ್ತು.

ಒಂದು ಉಂಡೆ ಹೊರಗೆ ಬಂತು. ಇನ್ನೊಂದರ ಚೂರುಗಳು ಬಂದವು. ತೂತಿನ ಒಳಗೆ ಒಂದು ಪುಟ್ಟ ಚಕ್ರ ಇತ್ತು, ಅದಕ್ಕೆ ಏನೋ ಸುತ್ತಿಕೊಂಡಿದ್ದು ಬೆರಳಿಗೆ ತಾಗುತ್ತಿತ್ತು, ಆದರೆ ಅಜ್ಜನ ದಪ್ಪ ಬೆರಳು ಒಳಗೆ ಹೋಗುತ್ತಿರಲಿಲ್ಲ. ದಬ್ಬಳ ತಂದು ಕೆದಕಿದ. ನಾಲ್ಕು ಎಳೆ ಬಂದವು. ಬಿರಡೆ ಹಾಕಿ, ಪ್ಲಗ್ ಸಿಕ್ಕಿಸಿ, ಗುಂಡಿ ಒತ್ತಿದ. ಗುಂಯ್. ಕೆಂಪು ದೀಪ. ಬಾಗಿಲು ಬಿಗಿದುಕೊಂಡೇ ಇತ್ತು. ಗಾಜಿನಾಚೆ ಗವಸು ಮುದುಡಿ ಕೂತಿತ್ತು, ಅದರ ಹಳದಿ ಕಲೆ ಸರಿಯಾಗಿ ಗಾಜಿಗೇ ಅಂಟಿಕೊಂಡಿತ್ತು. ಮತ್ತೆ ಪ್ಲಗ್ ಕಿತ್ತ. ಮತ್ತೆ ಬಿರಡೆ ಬಿಚ್ಚಿದ. ದಬ್ಬಳ ಜಾರಿ ಹೆಬ್ಬೆರಳಿಗೆ ಚುಚ್ಚಿತು.

ಗೇಟು ಕಿರುಗುಟ್ಟಿದ ಸದ್ದು. ಬೀಗದ ಸದ್ದು. ಬ್ಯಾಗು ಮೊಳೆಗೆ ತಾಗಿದ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ. ಅವಳು ಖಾಲಿ ಮಂಚದ ಮುಂದೆ ನಿಂತಿದ್ದಾಳೆ ಎಂದು ಅಜ್ಜನಿಗೆ ನೋಡದೆಯೇ ಗೊತ್ತಾಯಿತು.

"ಮಾವ?" ಸೊಸೆ ಸಂದಿಗೆ ಬಂದಳು. ನೀರಲ್ಲಿ ಕೂತ ಅಜ್ಜ, ಪಾತ್ರೆಯಲ್ಲಿ ಒದ್ದೆ ಹತ್ತಿ, ಹೆಬ್ಬೆರಳಲ್ಲಿ ರಕ್ತ. "ಅಯ್ಯೋ, ಕೈಗೇನಾಯ್ತು?"

"ಏನಿಲ್ಲ. ಮಷಿನ್ ಕೆಟ್ಟಿದೆ. ನಾನು ಸರಿ ಮಾಡ್ತಿದೀನಿ. ನೀನು ಹೋಗು, ಕೈಕಾಲು ತೊಳ್ಕೋ." ಅಜ್ಜ ಬೆನ್ನನ್ನು ಗಾಜಿಗೆ ಅಡ್ಡ ಹಿಡಿಯಲು ನೋಡಿದ. ಬಡಕಲು ಬೆನ್ನು, ಅಗಲದ ಗಾಜು.

ಅವಳು ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತಳು. ಗಡಿಯಾರ ರಿಪೇರಿಯವರ ಮಗಳ ಬೆರಳು ಸಣ್ಣವು. ಎರಡು ಬೆರಳನ್ನು ತೂತಿನೊಳಗೆ ಇಳಿಸಿ, ಕಣ್ಣು ಬೇರೆಲ್ಲೋ ನೆಟ್ಟು, ಮೆಲ್ಲಗೆ ತಡಕಾಡಿದಳು. "ದಾರ ಸುತ್ಕೊಂಡಿದೆ," ಅಂದಳು. ಚಕ್ರವನ್ನು ಹಿಂದಕ್ಕೆ ಹಿಂದಕ್ಕೆ ತಿರುಗಿಸುತ್ತ ದಾರವನ್ನು ಬಿಚ್ಚಿಕೊಂಡಳು. ಉದ್ದಕ್ಕೆ ಬಂತು ದಾರ, ಅದರ ಕೊನೆಗೆ ಹತ್ತಿಯ ಗಟ್ಟಿ ಚೂರು. ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಪಾತ್ರೆಯೊಳಗೆ ಹಾಕಿದಳು. ಬಿರಡೆ ಹಾಕಿ, ಪ್ಲಗ್ ಚುಚ್ಚಿ, ಗುಂಡಿ ಒತ್ತಿದಳು.

ಮಷಿನ್ ಗಂಟಲು ಸರಿಮಾಡಿಕೊಂಡು, ಉಳಿದ ನೀರನ್ನು ಗಳಗಳನೆ ಹೊರಗೆ ಬಿಟ್ಟಿತು. ಬಾಗಿಲ ಬೀಗ ಟಿಕ್ ಎಂದಿತು. ಬೆಳಗಿನಿಂದ ಇದಕ್ಕಾಗಿ ಕಾದಿದ್ದ ಅಜ್ಜನಿಗೆ ಈಗ ಆ ಬಾಗಿಲು ತೆರೆಯದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಸೊಸೆ ಗವಸನ್ನು ಹೊರಗೆಳೆದಳು. ಬಿಡಿಸಿ ಹಿಡಿದಳು. ಕಲೆ ಪೂರ್ತಿ ಹೋಗಿರಲಿಲ್ಲ. ಔಷಧಿ ಅಂಗಡಿಯಲ್ಲಿ ದಿನವೂ ಜನ ತಗ್ಗಿದ ದನಿಯಲ್ಲಿ ಹೇಳುವುದನ್ನು ಕೇಳುವವಳು. ಅವಳಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಅಜ್ಜ ನೆಲ ನೋಡುತ್ತ ಕೂತ. ಅಂಗಡಿಗೆ ಸುರುಳಿ ಹಾಸಿಗೆ ತರುತ್ತಿದ್ದವರು ಹೀಗೇ ನೋಡುತ್ತಿದ್ದರು. ನೆಲದಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ ಎಂದು ಅವನಿಗೆ ಇವತ್ತು ತಿಳಿಯಿತು.

ಹೇಳಿಬಿಡಬೇಕು ಎಂದು ಬಾಯಿ ತೆರೆದ. "ನೋಡಮ್ಮ, ಅದು..."

"ಮಾವ," ಸೊಸೆ ಗವಸನ್ನು ಮಡಚುತ್ತ, ಅವನ ಕಡೆ ನೋಡದೆ ಕೇಳಿದಳು, "ಲೋಟ ಉರುಳ್ತಾ?"

ಅಜ್ಜ ತಲೆ ಎತ್ತಿದ. ಈ ಮಾತು ಇವಳಿಗೆ ಹೇಗೆ ಗೊತ್ತು? ಮನೆಯಲ್ಲಿ ಅದನ್ನಾಡುತ್ತಿದ್ದವಳು ಅವನ ಹೆಂಡತಿ ಒಬ್ಬಳೇ. ಅವಳು ಹೋದದ್ದು ಈ ಸೊಸೆ ಬರುವುದಕ್ಕಿಂತ ಮುಂಚೆ.

"ಹೂಂ," ಅಂದ. "ಉರುಳ್ತು."

"ಉರುಳದೇ ಇನ್ನೇನು? ಲೋಟಕ್ಕೆ ಕಾಲಿದೆಯಾ?" ಸೊಸೆ ಗವಸನ್ನು ಬದಿಗಿಟ್ಟಳು. "ನನ್ನದೂ ಉರುಳ್ತಿತ್ತು ಮಾವ. ದೊಡ್ಡವಳಾಗೋವರೆಗೂ. ಅಪ್ಪ ಹೆಗಲ ಮೇಲೆ ಹಾಸಿಗೆ ಹೊತ್ಕೊಂಡು ನಿಮ್ಮ ಅಂಗಡಿಗೆ ಬರ್ತಿದ್ರು. ನಾನು ಅವರ ಹಿಂದೆ. ಇವತ್ತು ಆ ಅಜ್ಜ ನನ್ನ ಕಡೆ ನೋಡೇ ನೋಡ್ತಾರೆ ಅಂತ ದಾರಿಯುದ್ದಕ್ಕೂ ಹೆದರಿಕೊಂಡೇ ಬರ್ತಿದ್ದೆ. ನೀವು ಒಂದು ಸಲಾನೂ ನೋಡ್ಲಿಲ್ಲ."

ಅಜ್ಜ ನೆನಪು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟ. ಗಡಿಯಾರ ರಿಪೇರಿಯವರ ಹೆಗಲು ನೆನಪಿಗೆ ಬಂತು, ಹೂವಿನ ಬಟ್ಟೆಯ ಒಂದು ಪುಟ್ಟ ಹಾಸಿಗೆ ನೆನಪಿಗೆ ಬಂತು. ಮಗುವಿನ ಮುಖ ಬರಲಿಲ್ಲ. ನೋಡಿದ್ದರಲ್ಲವೇ ಬರುವುದು.

"ನಾಳೆ ಡಾಕ್ಟರ ಹತ್ರ ಹೋಗೋಣ," ಅಂದಳು ಸೊಸೆ, ಅವನ ಹೆಬ್ಬೆರಳಿಗೆ ಬಟ್ಟೆ ಸುತ್ತುತ್ತ. "ಇದಕ್ಕೆ ಮಾತ್ರೆ ಇದೆ. ಎಷ್ಟೋ ಜನ ತಗೋತಾರೆ. ಎಲ್ಲರೂ ಪಕ್ಕದ ಮನೆಯವರಿಗೆ ಅಂತಾನೇ ಕೇಳ್ತಾರೆ."

ಅಜ್ಜನಿಗೆ ನಗು ಬಂತು. ನಗುವಿನ ಜೊತೆಗೆ ಕಣ್ಣಲ್ಲಿ ನೀರೂ ಬಂತು. ಅದನ್ನು ಒರೆಸಿಕೊಳ್ಳುವ ಗೋಜಿಗೆ ಅವನು ಹೋಗಲಿಲ್ಲ. ಮೈಯೆಲ್ಲ ಒದ್ದೆಯೇ ಇತ್ತಲ್ಲ.

ಬಿಸಿಲು ಇನ್ನೂ ಸ್ವಲ್ಪ ಮಿಕ್ಕಿತ್ತು. ಸೊಸೆ ಗೋಣಿಚೀಲಗಳನ್ನು ಮಂಚದ ಕೆಳಗಿನಿಂದ ಎಳೆದು, ಅಜ್ಜ ಬೇಡ ಬೇಡ ಅಂದರೂ ಕೇಳದೆ, ತಾರಸಿಗೆ ಹೊತ್ತಳು. ಹಳೆ ಸೀರೆ ಹಾಸಿ ಹತ್ತಿಯನ್ನು ಹರಡಿದರು. ಒದ್ದೆಯಾದ ಭಾಗ ಹಳದಿಯಾಗಿ ಎದ್ದು ಕಾಣುತ್ತಿತ್ತು. ಅಜ್ಜ ಅದರ ಮುಂದೆ ಕೂತು ಗಂಟುಗಳನ್ನು ಬೆರಳಿನಿಂದ ಬಿಡಿಸತೊಡಗಿದ. ಗವಸು ಹಗ್ಗದ ಮೇಲೆ ತೂಗುತ್ತಿತ್ತು. ಪಕ್ಕದ ತಾರಸಿಯಲ್ಲಿ ಕೆಮ್ಮು ಕೇಳಿಸಿತು.

"ಓಹೋ, ಇದೇನಾ ಹತ್ತಿ!" ಗೆಜೆಟ್ ಗೋಡೆಯ ಮೇಲಿಂದ ಬಗ್ಗಿ ನೋಡುತ್ತಿದ್ದ. "ಗಂಟುಗಟ್ಟಿದೆ ಅಂದ್ರಿ, ಇದು ನೆನೆದಿದೆಯಲ್ರೀ! ಕಲೆ ಬೇರೆ. ಏನಾಯ್ತು?"

ಅಜ್ಜನ ಬೆರಳು ಹತ್ತಿಯಲ್ಲೇ ನಿಂತಿತು. ಬೀದಿಯೆಲ್ಲ ಕಿವಿಯಾಗಿ ಕಾದಂತಿತ್ತು.

"ನಾನೇ ಅಂಕಲ್," ಸೊಸೆ ಗವಸಿನ ಮರೆಯಿಂದ ಈಚೆ ಬಂದಳು. "ಮಾವನ ಹಾಸಿಗೆ ಮೇಲೆ ಕೂತ್ಕೊಂಡು ಲೋಟ ಉರುಳಿಸಿಬಿಟ್ಟೆ."

"ಲೋಟಾನಾ? ಹಾಸಿಗೆ ಮೇಲೆ ಯಾರಾದ್ರೂ ಲೋಟ ಇಟ್ಕೋತಾರಾ? ಈಗಿನ ಹುಡುಗೀರಿಗೆ ಗಮನವೇ ಇಲ್ಲ. ಪಾಪ, ಈ ವಯಸ್ಸಲ್ಲಿ ಅವರ ಕೈಲಿ ಹತ್ತಿ ಹಿಂಜಿಸ್ತಾ ಇದೀಯಲ್ಲಮ್ಮ!" ಎಂದು ಗೆಜೆಟ್ ಶುರುಮಾಡಿದ. ಕತ್ತಲಾಗುವುದರೊಳಗೆ ಇದು ಬೀದಿಗೆ ಪ್ರಕಟವಾಗುವುದು ಗ್ಯಾರಂಟಿಯಾಗಿತ್ತು. ಸೊಸೆ ತಲೆ ತಗ್ಗಿಸಿ, ತಪ್ಪು ಮಾಡಿದವಳಂತೆ, ಹೂಂ ಅಂಕಲ್, ಹೌದು ಅಂಕಲ್ ಎನ್ನುತ್ತ ಪೂರ್ತಿ ಕೇಳಿಸಿಕೊಂಡಳು. ಗೆಜೆಟ್ ತೃಪ್ತಿಯಿಂದ ಕೆಳಗಿಳಿದ.

ಅವಳು ಬಂದು ಅಜ್ಜನ ಪಕ್ಕದಲ್ಲಿ ಕೂತಳು. ಕೂತದ್ದು ಹತ್ತಿ ಹರಡಿದ್ದ ಸೀರೆಯ ಅಂಚಿನ ಮೇಲೆ. ಕಾಲು ನೀವಿಕೊಳ್ಳುತ್ತ ಒಂದು ಹಿಡಿ ಹತ್ತಿ ತೆಗೆದುಕೊಂಡು ತಾನೂ ಬಿಡಿಸತೊಡಗಿದಳು. ಅಜ್ಜ ಅಂಗೈಯಲ್ಲಿ ಹೊಸ ಉಂಡೆ ಉಜ್ಜುತ್ತಿದ್ದ. ಅವಳು ಅದನ್ನೇ ನೋಡಿದಳು.

"ಈ ಸಲ ಮೂಲೆಗೆ ಉಂಡೆ ಹೊಲಿದು ಹಾಕಬೇಡಿ ಮಾವ," ಅಂದಳು. "ಒಂದು ಬದಿಗೆ ಗುಂಡಿ ಇಡಿ, ಬೇಕೆಂದಾಗ ಬಿಚ್ಚಿ ಗವಸು ಒಗೆಯೋ ಹಾಗೆ. ಮಾತ್ರೆ ಕೆಲಸ ಮಾಡೋವರೆಗೂ ಲೋಟ ಇನ್ನೂ ಉರುಳುತ್ತೆ."

ಅಜ್ಜ ಕೈಯಲ್ಲಿದ್ದ ಉಂಡೆಯನ್ನು ನೋಡಿದ. ಆಮೇಲೆ ಅದನ್ನು ಮತ್ತೆ ಬಿಡಿಸಿ, ಉಳಿದ ಹತ್ತಿಯ ಜೊತೆ ಬಿಸಿಲಿಗೆ ಹರಡಿದ.

"ದೊಡ್ಡ ಗುಂಡಿ ಇಡ್ತೀನಿ," ಅಂದ. "ಕತ್ತಲಲ್ಲೂ ಕೈಗೆ ಸಿಗೋ ಅಂಥದ್ದು."